ಸೀಟಿ ನಿಲ್ಲಿಸಿದ ಮೇಲೆ

ನಮ್ಮ ಕಡೆ ಶಿವರಾತ್ರಿ ಬಂತೆಂದರೆ ಚಳಿ ಶಿವಶಿವಾ ಎನ್ನುತ್ತ ಓಡಿಹೋಗುತ್ತದೆ. ನಾವು ಅರುಣಾಚಲದ ಆ ಕಾಡು ಹೊಕ್ಕದ್ದು ಶಿವರಾತ್ರಿ ಮುಗಿದ ಮರುವಾರ. ಅಲ್ಲಿಯ ಚಳಿಗೆ ಈ ಮಾತು ಇನ್ನೂ ಮುಟ್ಟಿರಲಿಲ್ಲ.

ಬೆನ್ನಿಗೆ ಚೀಲ ಹೊತ್ತು ಗುಡ್ಡ, ಕಾಡು ತಿರುಗುವ ಆಸೆಯುಳ್ಳವರನ್ನು ಕರೆದುಕೊಂಡು ಹೋಗುವುದು ನನ್ನ ಉದ್ಯೋಗ. ಹೆಚ್ಚಾಗಿ ಕಪ್ಪತ್ತಗುಡ್ಡದಲ್ಲಿ, ವರ್ಷಕ್ಕೊಮ್ಮೆ ದೂರದ ಯಾವುದಾದರೂ ಕಾಡಿಗೆ. ಆ ಸಲ ನನ್ನ ಜೊತೆ ಬಂದವರು ಮೂವರು. ಇಬ್ಬರು ಬೆಟಗೇರಿಯ ನೇಕಾರ ಮನೆತನದ ಅಕ್ಕ ತಂಗಿ. ಅಕ್ಕ ಐವತ್ತರ ಹತ್ತಿರದವರು, ಈಗಲೂ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು. ತಂಗಿ ಗದುಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ಮೂರನೆಯವರು ಮುಂಡರಗಿಯ ಪಿ.ಟಿ. ಮಾಸ್ತರರು. ಅಲ್ಲಿ ಹೋದ ಮೇಲೆ ಆ ಕಡೆಯ ಹಳ್ಳಿಯ ಗೈಡ್ ಒಬ್ಬ ಸೇರಿಕೊಂಡ. ಅವನೊಂದಿಗೆ ನಮ್ಮ ಮಾತೆಲ್ಲ ಹಿಂದಿಯಲ್ಲಿ.

ಈ ಪ್ರವಾಸ ಟೀಚರ ಆಸೆಯಿಂದ ಹುಟ್ಟಿದ್ದು. ವರ್ಷವೂ ಅವರು ಪಾಚಿಯ ಪಾಠ ಮಾಡುತ್ತಾರೆ. ಆದರೆ ಮಕ್ಕಳಿಗೆ ತೋರಿಸಲು ಡಂಬಳದ ಕೆರೆಯ ಮೆಟ್ಟಿಲ ಮೇಲಿನ ಹಸಿರು ಬಿಟ್ಟರೆ ನಮ್ಮ ಒಣ ಸೀಮೆಯಲ್ಲಿ ಮತ್ತೇನಿದೆ? ಒಂದು ಸಲವಾದರೂ ಇಡೀ ಕಾಡೇ ಪಾಚಿ ಹೊದ್ದು ನಿಂತದ್ದನ್ನು ನೋಡಬೇಕು ಎಂದು ಹಟ ಹಿಡಿದರು. ಒಬ್ಬರೇ ಬರಲು ಮನಸ್ಸಾಗದೆ ಅಕ್ಕನನ್ನೂ ಹೊರಡಿಸಿಕೊಂಡು ಬಂದರು. ತಯಾರಿಗಾಗಿ ಚಳಿಗಾಲವಿಡೀ ಡಂಬಳದ ಬದಿಯಿಂದ ಕಪ್ಪತ್ತಗುಡ್ಡ ಹತ್ತಿದೆವು, ಚೀಲದಲ್ಲಿ ನೀರಿನ ಕ್ಯಾನು ತುಂಬಿಕೊಂಡು. ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು ಅಕ್ಕ.

"ನನ್ನ ಕಾಲು ದಿನಾ ಮಗ್ಗದ ಕುಣ್ಯಾಗ ತುಳೀತಾವ, ತಂಗಿ. ಆದ್ರ ಎಲ್ಲಿಗೂ ಹೋಗಿ ಮುಟ್ಟೂದಿಲ್ಲ," ಎಂದು ಒಮ್ಮೆ ಗುಡ್ಡದ ತುದಿಯಲ್ಲಿ ಕುಳಿತು ನನಗೆ ಹೇಳಿ ನಕ್ಕಿದ್ದರು. ನನ್ನನ್ನೂ ಅವರು ತಂಗಿ ಎಂದೇ ಕರೆಯುತ್ತಿದ್ದರು.

ಹೊರಡುವ ಮೊದಲು ಎಲ್ಲರಿಗೂ ಒಂದೊಂದು ಸೀಟಿ ಕೊಟ್ಟೆ. ಮೂರು ಸಲ ಊದಿದರೆ ಸಹಾಯ ಬೇಕು ಎಂದರ್ಥ, ಒಂದು ಸಲ ಊದಿದರೆ ಕೇಳಿಸಿತು ಎಂದರ್ಥ. ಎಲ್ಲರೂ ಅದನ್ನು ಚೀಲದ ಎದೆಪಟ್ಟಿಗೆ ಕಟ್ಟಿಕೊಂಡರು. ಎಲ್ಲರೂ ಕಟ್ಟುವುದು ಅಲ್ಲಿಯೇ. ನಾನೂ ಅಲ್ಲಿಯೇ ಕಟ್ಟಿದ್ದೆ.

ಆ ಕಾಡಿನಲ್ಲಿ ಮರದ ತೊಗಟೆ ಕಾಣುವುದಿಲ್ಲ. ಕಾಂಡದ ಸುತ್ತ ಪಾಚಿ, ಕೊಂಬೆಯಿಂದ ಕುರಿಯ ಉಣ್ಣೆಯಂತೆ ಜೋತುಬಿದ್ದ ಪಾಚಿ, ಬಿದ್ದ ಮರದ ಮೇಲೆ ಕೈ ಊರಿದರೆ ಮೊಣಕೈವರೆಗೆ ಇಳಿಯುವ ಪಾಚಿ. ಎಲ್ಲಿ ಮುಟ್ಟಿದರೂ ನೀರು. ಟೀಚರ್ ಮಸೂರ ಹಿಡಿದು ಒಂದೊಂದು ಬಂಡೆಯ ಮುಂದೆಯೂ ಮಂಡಿಯೂರುತ್ತಿದ್ದರು. ಅಕ್ಕ ಅಂಗೈಯಿಂದ ಅದನ್ನು ಸವರಿ, "ಇಷ್ಟ ಅಗಲ ಐತಿ, ಎಲ್ಲೂ ಒಂದ ಎಳಿ ತಪ್ಪಿಲ್ಲ ನೋಡ," ಎಂದರು.

ನನ್ನ ಗಮನ ಇನ್ನೊಂದರ ಮೇಲಿತ್ತು. ನಮ್ಮೂರು ಅಸುಂಡಿಯ ಹೊಲದಲ್ಲಿ ನಿಂತು ಕೂಗಿದರೆ ನಾಲ್ಕು ಹೊಲದಾಚೆಯವರು ಓಗೊಡುತ್ತಾರೆ. ಇಲ್ಲಿ ಮುಂದೆ ನಡೆಯುವವರು ತಿರುವಿನಲ್ಲಿ ಮರೆಯಾದ ಕೂಡಲೇ ಅವರ ಮಾತೂ ಕತ್ತರಿಸಿದಂತೆ ನಿಂತುಹೋಗುತ್ತಿತ್ತು. ಪಾಚಿ ನೀರು ಕುಡಿದ ಹಾಗೆ ಸದ್ದನ್ನೂ ಕುಡಿಯುತ್ತಿತ್ತು. ಮೊದಲ ದಿನ ಅದು ಹಿತವೆನಿಸಿತು. ಎರಡನೆಯ ದಿನ ಎಲ್ಲರೂ ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರ ನಡೆಯಬೇಕೆಂದು ಹೇಳಿದೆ. ಮುಂದೆ ಗೈಡ್, ಅವನ ಹಿಂದೆ ಮಾಸ್ತರರು, ಟೀಚರ್, ಅಕ್ಕ, ಕೊನೆಗೆ ನಾನು.

ಮೂರನೆಯ ದಿನ ಮಧ್ಯಾಹ್ನದ ಬುತ್ತಿ ಉಂಡು ಎದ್ದಾಗ ಕೆಳಗಿನ ಕಣಿವೆಯಿಂದ ಮಂಜು ಏರಿ ಬರುತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ ಅಕ್ಕ ನಿಂತರು.

"ನೀ ನಡಿ ತಂಗಿ, ನಾ ಹಿಂದಿಂದ ಬಂದೆ."

ಯಾಕೆಂದು ತಿಳಿಯಿತು. "ನಾ ಇಲ್ಲೇ ನಿಂದರ್ತೀನಿ ರಿ. ಭಾಳ ದೂರ ಹೋಗಬ್ಯಾಡ್ರಿ, ಅಕ್ಕಾರ."

ಅಕ್ಕ ಮುಂದೆ ನೋಡಿದರು. ನಮಗಾಗಿ ಟೀಚರ ಜೊತೆ ಮಾಸ್ತರರೂ ಗೈಡೂ ತಿರುವಿನಲ್ಲಿ ನಿಂತಿದ್ದರು. "ಗಂಡಸರು ನಿಂತಾರಲ್ಲ," ಎಂದು ತಗ್ಗಿದ ದನಿಯಲ್ಲಿ ಹೇಳಿ, ಚೀಲವನ್ನು ದಾರಿಯ ಮೇಲೆ ಇಳಿಸಿ, ಬಿದಿರು ಮೆಳೆಯನ್ನು ಕೈಯಿಂದ ಸರಿಸಿ ಕೆಳಗಿಳಿದರು. ಮೆಳೆ ಮುಚ್ಚಿಕೊಂಡಿತು. ನಾನು ಮರ್ಯಾದೆಗೆ ಬೆನ್ನು ತಿರುಗಿಸಿ ನಿಂತೆ.

ಬರಬೇಕಾದಷ್ಟು ಹೊತ್ತಾದರೂ ಬರಲಿಲ್ಲ. ಕರೆದೆ. ಮೆಳೆಯ ಅಂಚಿಗೆ ಹೋಗಿ ಇನ್ನೊಮ್ಮೆ ಜೋರಾಗಿ ಕರೆದೆ. ನನ್ನ ದನಿ ನನಗೇ ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳಿಸಿತು. ಅಷ್ಟರಲ್ಲಿ ಮಂಜು ದಾರಿಯನ್ನು ಮುಟ್ಟಿ, ತಿರುವಿನಲ್ಲಿ ನಿಂತವರನ್ನೂ ಮರೆಮಾಡಿತ್ತು.

ಯಾರಾದರೂ ಕಾಣೆಯಾದರೆ ಮೊದಲ ನಿಯಮ, ಉಳಿದವರು ಚದುರಬಾರದು. ಎಲ್ಲರನ್ನೂ ಅಕ್ಕನ ಚೀಲದ ಹತ್ತಿರ ಕರೆದೆ. ಕೊನೆಯ ಸಲ ಕಂಡ ಜಾಗ ಅದೇ, ಹುಡುಕುವುದೆಲ್ಲ ಅಲ್ಲಿಂದಲೇ ಶುರುವಾಗಬೇಕು. ಮೂರು ಸಲ ಸೀಟಿ ಊದಿ, ಉಸಿರು ಬಿಗಿಹಿಡಿದು, ಮನಸ್ಸಿನಲ್ಲೇ ನೂರರವರೆಗೆ ಎಣಿಸಿ ಕೇಳಿದೆವು. ಎಲೆಯಿಂದ ನೀರು ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿಲ್ಲ. ಮತ್ತೆ ಊದಿದೆವು. ಆಗ ಟೀಚರ್ ಅಕ್ಕನ ಚೀಲದ ಎದೆಪಟ್ಟಿಯನ್ನು ಎತ್ತಿ ನನಗೆ ತೋರಿಸಿದರು. ಸೀಟಿ ಅಲ್ಲೇ ನೇತಾಡುತ್ತಿತ್ತು.

ಟೀಚರನ್ನು ಚೀಲದ ಬಳಿಯೇ ನಿಲ್ಲಿಸಿ, ಬಿಡದೆ ಊದುತ್ತಿರಬೇಕೆಂದು ಹೇಳಿದೆ. ನಮ್ಮ ಹತ್ತಿರ ಒಂದು ಉದ್ದನೆಯ ಹಗ್ಗವಿತ್ತು. ಅದರ ಒಂದು ತುದಿಯನ್ನು ದಾರಿಬದಿಯ ಮರಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ಗೈಡ್ ಮೆಳೆಯೊಳಗೆ ಇಳಿದ. ಹಗ್ಗ ಮುಗಿಯುವವರೆಗೆ ಹೋಗುವುದು, ಕೂಗುವುದು, ಕೇಳುವುದು, ಹಿಂದಿರುಗುವುದು. ಆಮೇಲೆ ಹಗ್ಗವನ್ನು ಪಕ್ಕದ ಮರಕ್ಕೆ ಕಟ್ಟಿ ನಾನು. ಮಾಸ್ತರರು ತಮ್ಮ ಬಿಳಿ ಟವೆಲ್ಲನ್ನು ಹರಿದು, ನೋಡಿ ಮುಗಿಸಿದ ಪ್ರತಿ ಸಾಲಿಗೂ ಒಂದೊಂದು ಚಿಂದಿ ಕಟ್ಟುತ್ತ ಬಂದರು.

ಮೆಳೆಯ ಆಚೆ ಒಂದು ಕಡೆ ಕಾಲು ಜಾರಿದ ಗುರುತು ಸಿಕ್ಕಿತು. ಪಾಚಿ ಸಿಪ್ಪೆಯಂತೆ ಎದ್ದು ಕಪ್ಪು ಮಣ್ಣು ಕಾಣುತ್ತಿತ್ತು. ನನ್ನ ಎದೆ ಹಗುರಾಯಿತು. ಆದರೆ ಅದರ ಕೆಳಗೆ ಮತ್ತೆ ಪಾಚಿಯೇ. ಪಾಚಿಯ ಮೇಲೆ ಹೆಜ್ಜೆ ನಿಲ್ಲುವುದಿಲ್ಲ. ತುಳಿದದ್ದು ಸ್ವಲ್ಪ ಹೊತ್ತಿಗೆ ನೀರು ಕುಡಿದು ತಾನಾಗಿ ಮೇಲೇಳುತ್ತದೆ. ನಾನು ಆಗಷ್ಟೇ ಇಟ್ಟ ಹೆಜ್ಜೆಗಳೇ ನನ್ನ ಕಣ್ಣೆದುರು ಅಳಿಸಿಹೋಗುತ್ತಿದ್ದವು. ಗುಡ್ಡದ ಒಡಲು ಅಲ್ಲಿ ಕೊರಕಲಿನಂಥ ಎರಡು ಮಡಿಕೆಯಾಗಿ ಒಡೆದಿತ್ತು. ಯಾವ ಮಡಿಕೆಯಲ್ಲಿ ಇಳಿದರೋ ಹೇಳುವ ಹಾಗಿರಲಿಲ್ಲ. ಎಡಗಡೆಯದನ್ನು ಆರಿಸಿದೆವು. ಅದು ತಪ್ಪು ಎಂದು ಗೊತ್ತಾಗಿದ್ದು ಮರುದಿನ.

ಹಿಮ ಬೆರೆತ ಮಳೆ ಹಿಡಿಯಿತು. ಎರಡನೆಯ ಮರದಿಂದ ಮೂರನೆಯದಕ್ಕೆ ದಾಟುವಾಗ ಮಾಸ್ತರರು ಜಾರಿ ಬಿದ್ದರು. ಎದ್ದು ನಿಂತರಾದರೂ ಮೊಣಕಾಲು ಭಾರ ತಾಳಲಿಲ್ಲ. "ಏನಾಗಿಲ್ಲ ರಿ, ನಡೀರಿ," ಎನ್ನುತ್ತಲೇ ಮರ ಹಿಡಿದು ಕುಳಿತರು. ಅವರನ್ನು ಹಗ್ಗದ ಸಹಾಯದಿಂದ ದಾರಿಗೆ ಎಳೆದು ತಂದಾಗ ಟೀಚರ ಸೀಟಿಯ ಸದ್ದು ಬದಲಾಗಿತ್ತು. ಉಸಿರು ಸಾಲದೆ, ಬರೀ ಗಾಳಿ ಬರುತ್ತಿತ್ತು. ಅವರ ಜಾಕೀಟಿನ ಮುಂಭಾಗ ತೆರೆದೇ ಇತ್ತು. ಹಾಕಿಕೊಳ್ಳಿ ಎಂದರೆ ಬೆರಳು ಗುಂಡಿಯನ್ನು ಹಿಡಿಯುತ್ತಿರಲಿಲ್ಲ. ಮಾತು ತೊದಲುತ್ತಿತ್ತು.

ಗೈಡ್ ನನ್ನನ್ನು ಪಕ್ಕಕ್ಕೆ ಕರೆದ. ಬೆಳಕು ಇನ್ನು ಸ್ವಲ್ಪವೇ ಇದೆ, ಕೆಳಗೆ ದನ ಕಾಯುವವರ ಮರದ ಗುಡಿಸಲಿದೆ, ಈಗ ಹೊರಟರೆ ಮುಟ್ಟಬಹುದು, ತಡವಾದರೆ ಇವರಿಬ್ಬರನ್ನೂ ಮುಟ್ಟಿಸಲಾಗುವುದಿಲ್ಲ ಎಂದ. ಹಾಗೆಂದು ಹೋಗೋಣ ಎಂದು ಅವನು ಹೇಳಲಿಲ್ಲ. ಅದನ್ನು ನಾನು ಹೇಳಬೇಕಿತ್ತು.

ಕೈಗೆ ಇನ್ನೇನಾದರೂ ಸಿಗುತ್ತದೆಯೇ ಎಂದು ಮನಸ್ಸು ತಡಕಾಡಿತು. ಗೈಡನ್ನು ಅವರ ಜೊತೆ ಕಳಿಸಿ ನಾನೊಬ್ಬಳೇ ಹುಡುಕಲೇ? ಅವನೊಬ್ಬನಿಂದ ಇಬ್ಬರನ್ನು ಇಳಿಸಲಾಗುವುದಿಲ್ಲ. ಆಮೇಲೆ ಕಾಡಿನಲ್ಲಿ ಹುಡುಕಬೇಕಾದವರು ಒಬ್ಬರಲ್ಲ, ಇಬ್ಬರಾಗುತ್ತಾರೆ. ಎಲ್ಲರೂ ಇಲ್ಲೇ ಡೇರೆ ಹಾಕಿ ಕೂತರೆ? ಒದ್ದೆಯಾದ ಟೀಚರ್ ಬೆಳಗು ಕಾಣುತ್ತಾರೆಂಬ ಭರವಸೆ ನನಗಿರಲಿಲ್ಲ.

"ಇವತ್ತಿಗೆ ನಿಲ್ಲಿಸೂಣ," ಎಂದೆ.

ಟೀಚರ್ ತಲೆ ಅಲ್ಲಾಡಿಸಿದರು. "ನೀವು ಹೋಗ್ರಿ. ನಾ ಬರಂಗಿಲ್ಲ. ಅಕ್ಕ ಬಂದ್ರ ಯಾರರ ಇರಬೇಕಲ್ಲ."

"ಟೀಚರ್, ನಿಮ್ಮ ಕೈ ನೋಡ್ಕೋರಿ. ಗುಂಡಿ ಹಾಕ್ಕೋರಿ ನೋಡೂಣು."

ಅವರು ಪ್ರಯತ್ನಿಸಿದರು. ಆಗಲಿಲ್ಲ. ಆಮೇಲೆ ನನ್ನ ಮುಖ ನೋಡಿ, "ಅಕಿ ನನ್ನ ಸಲುವಾಗಿ ಬಂದಾಕಿ," ಎಂದರು. ಅವರ ಗುಂಡಿಗಳನ್ನು ಒಂದೊಂದಾಗಿ ನಾನೇ ಹಾಕಿದೆ.

ಹೊರಡುವ ಮುನ್ನ ದಾರಿಯ ಮೇಲೆ ಅಕ್ಕನ ಡೇರೆ ಬಿಚ್ಚಿ ನಿಲ್ಲಿಸಿದೆವು. ಒಳಗೆ ಅವರ ಮಲಗುವ ಚೀಲ, ಒಣ ಬಟ್ಟೆ, ಬೆಲ್ಲ, ಶೇಂಗಾ ಚಟ್ನಿ ಸವರಿದ ರೊಟ್ಟಿ, ನೀರು ಇಟ್ಟೆವು. ಹೊರಗೆ ಕೊಂಬೆಗೆ ಟಾರ್ಚು ಹಚ್ಚಿ ತೂಗುಹಾಕಿದೆ. ಕೊನೆಯ ಸಲ ಮೂರು ಊದಿದೆ, ಕೇಳಿದೆ. ಸೀಟಿಯನ್ನು ಬಾಯಿಂದ ತೆಗೆದೆ. ಗುಡಿಸಲಿನ ದಾರಿ ಹಿಡಿದೆವು. ಮಾಸ್ತರರು ಗೈಡನ ಹೆಗಲಿಗೆ ಜೋತುಬಿದ್ದಿದ್ದರು. ಟೀಚರ್ ನಾನು ಕೈ ಹಿಡಿದು ಎಳೆದರೆ ನಡೆಯುತ್ತಿದ್ದರು, ಬಿಟ್ಟರೆ ನಿಲ್ಲುತ್ತಿದ್ದರು.

ನಮ್ಮನ್ನು ಅಲ್ಲಿ ಬಿಟ್ಟು ಗೈಡ್ ನಿಂತ ಕಾಲಲ್ಲೇ ತನ್ನ ಹಳ್ಳಿಗೆ ಜನ ಕರೆಯಲು ಇಳಿದುಹೋದ.

ಬೆಳಕು ಹರಿಯುತ್ತಲೇ ಟೀಚರನ್ನು ಮಾಸ್ತರರಿಗೆ ಒಪ್ಪಿಸಿ ನಾನು ಮೇಲೆ ಹತ್ತಿದೆ. ಇಡೀ ದಾರಿ ಒಂದೇ ಚಿತ್ರ ಕಣ್ಣ ಮುಂದೆ. ಡೇರೆಯ ಬಾಯಿ ತೆರೆದಿದೆ, ಒಳಗೆ ಅಕ್ಕ ಮುದುಡಿ ಮಲಗಿದ್ದಾರೆ. ಡೇರೆ ಕಂಡಿತು. ಜಿಪ್ ನಾನು ಎಳೆದಿಟ್ಟ ಹಾಗೆಯೇ ಇತ್ತು. ಮೇಲೆ ಕೂತ ಹಿಮದ ಪುಡಿಯಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ಟಾರ್ಚು ಆರಿತ್ತು. ಆದರೂ ಜಿಪ್ ತೆರೆದು ನೋಡಿದೆ. ರೊಟ್ಟಿ ಇಟ್ಟಲ್ಲೇ ಇತ್ತು.

ಅಲ್ಲಿಂದ ಸ್ವಲ್ಪ ಮೇಲೆ, ದಿಣ್ಣೆಯ ಬಯಲಿನಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆಂದು ಗೈಡ್ ಹೇಳಿದ್ದ. ಬೆಟಗೇರಿಯಲ್ಲಿ ಅಕ್ಕ ತಂಗಿಯರ ಅಣ್ಣನ ಮನೆಗೆ ಫೋನ್ ಹಚ್ಚಿದೆ. ತಂಗಿಯ ಕೈಯಲ್ಲಿ ಆಗದ ಮಾತು ಅದು. "ಹಲೋ" ಎಂದ ಅಣ್ಣನ ದನಿಯ ಹಿಂದೆ ಮಗ್ಗ ನಡೆಯುವ ಸದ್ದಿತ್ತು. ಅಕ್ಕ ಇಲ್ಲದ ದಿನಗಳಲ್ಲಿ ಅವರ ಮಗ್ಗದ ಮೇಲೆ ಅಣ್ಣನ ಹೆಂಡತಿ ಕೂರುತ್ತಾರೆಂದು ಅಕ್ಕನೇ ಹೇಳಿದ್ದರು.

ಆದದ್ದನ್ನು ಆದ ಹಾಗೆ ಹೇಳಿದೆ.

"ಎಲ್ಲಿ ಅದಾಳ ಗೊತ್ತಿಲ್ಲ ಅಂದ್ರ ಹೆಂಗ್ರಿ? ನಿಮ್ಮ ಕೂಡ ಇದ್ದಳಲ್ಲ?"

"ನಮ್ಮ ಕೂಡನ ಇದ್ದರು ರಿ."

"ಮತ್ತ?"

ಅತ್ತ ಮಗ್ಗದ ಸದ್ದು ನಿಂತಿತು. ಹೆಂಗಸಿನ ದನಿಯೊಂದು "ಏನಂತ?" ಎಂದು ಕೇಳಿತು.

"ನಾ ಈಗ ಹೊಂಟ್ರ ಅಲ್ಲಿ ಎಂದ ಮುಟ್ತೀನಿ?" ಎಂದು ಅಣ್ಣ ಕೇಳಿದರು.

ಗದುಗಿನಿಂದ ಹುಬ್ಬಳ್ಳಿ, ವಿಮಾನ, ಆಮೇಲೆ ಗುಡ್ಡದ ರಸ್ತೆ, ಕೊನೆಗೆ ಕಾಲ್ನಡಿಗೆ. "ಎಷ್ಟ ಜಲ್ದಿ ಬಂದ್ರೂ ಮೂರ ದಿನ ಬೇಕ್ರಿ," ಎಂದೆ.

"ಅಷ್ಟರಾಗ..." ಎಂದು ತಡೆದರು. "ಹಂಗಾರ ನಾ ಇಲ್ಲಿ ಕುಂತು ಏನ್ ಮಾಡ್ಲಿ? ಅದನ್ನರ ಹೇಳ್ರಿ."

ಆ ಪ್ರಶ್ನೆ ನನಗೂ ಇತ್ತು. "ಫೋನ್ ಹತ್ರ ಇರ್ರಿ," ಎಂದೆ. ಮಾತಿನ ನಡುವೆ ಸಿಗ್ನಲ್ ಹೋಯಿತು.

ಕೆಳಗಿನಿಂದ ಹಳ್ಳಿಯವರು ಬಂದರು. ಗೈಡ್ ನಿದ್ದೆಯಿಲ್ಲದ ಕಣ್ಣಲ್ಲೇ ಅವರ ಮುಂದೆ ಇದ್ದ. ಅವನ ಜೊತೆ ದನಗಾಹಿಗಳು, ಇಬ್ಬರು ಪೊಲೀಸರು, ಕಂಬಳಿ ಹೊತ್ತ ಒಬ್ಬ ಹೆಂಗಸು. ನಮ್ಮ ಟವೆಲ್ ಚಿಂದಿಗಳನ್ನು ನೋಡಿ ಎಡದ ಮಡಿಕೆ ಬಿಟ್ಟು ಬಲದ ಮಡಿಕೆಗೆ ಸಾಲಾಗಿ ಇಳಿದರು. ನಾನೂ ಹೊರಟೆ. ಹಿರಿಯ ದನಗಾಹಿ ಕೈ ಅಡ್ಡ ಹಿಡಿದ. ಚೀಲದ ಹತ್ತಿರ ಯಾರಾದರೂ ಇರಬೇಕು ಎಂದ. ನಿಯಮ ನನ್ನದೇ. ನಾನು ಡೇರೆಯ ಬಾಗಿಲಲ್ಲಿ ಕುಳಿತೆ.

ಅಲ್ಲಿ ಕುಳಿತ ಹೊತ್ತನ್ನು ವಿವರಿಸಲಾರೆ. ಕೈಗೆ ಕೆಲಸವಿರಲಿಲ್ಲ. ಅಕ್ಕನ ಒಣ ಬಟ್ಟೆಗಳನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಸೀಟಿ ಕೈಯಲ್ಲಿತ್ತು. ಕೆಳಗೆ ಹುಡುಕುವವರ ಕಿವಿ ಕೆಡಿಸಬಾರದೆಂದು ಊದಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮೆಳೆ ಅಲುಗಾಡಿತು. ಸುದ್ದಿ ಮೊದಲು ಬರಲಿಲ್ಲ, ಮನುಷ್ಯರೇ ಬಂದರು. ಒಬ್ಬನ ಬೆನ್ನ ಮೇಲೆ ಕಂಬಳಿಯ ಗಂಟಿನಂತೆ ಅಕ್ಕ ಇದ್ದರು. ಕಣ್ಣು ತೆರೆದಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಿದ್ದ ದೊಡ್ಡ ಮರವೊಂದರ ಅಡಿಯ ಪೊಟರೆಯಲ್ಲಿ, ಅಂಗಿಯೊಳಗೆಲ್ಲ ಬಿದಿರೆಲೆ ತುರುಕಿಕೊಂಡು ಕುಳಿತಿದ್ದರಂತೆ. ಎಡಗೈ ಮಣಿಕಟ್ಟು ಊದಿ ಬದನೆಕಾಯಿಯಂತಾಗಿತ್ತು. ಬೆಲ್ಲ ಕದಡಿದ ಬಿಸಿನೀರನ್ನು ಆ ಹೆಂಗಸು ಚಮಚದಲ್ಲಿ ಹಾಕಿದಳು. ನಾನು ಅಕ್ಕನ ಪಾದ ಹಿಡಿದು ಉಜ್ಜಲು ಹೋದೆ. ಉಜ್ಜಬಾರದು, ಸುತ್ತಿಡಬೇಕು ಎಂಬುದು ನನಗೆ ಗೊತ್ತಿದ್ದ ಸಂಗತಿ. ಆ ಗಳಿಗೆಯಲ್ಲಿ ಅದೂ ಮರೆತಿತ್ತು. ಹೆಂಗಸು ನನ್ನ ಕೈ ಸರಿಸಿ ಪಾದಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಗುಡಿಸಲಿನ ಮುಂದೆ ಟೀಚರ್ ಅಕ್ಕನನ್ನು ನೋಡಿ ಕುಸಿದು ಕುಳಿತರು. ನನ್ನ ಕಡೆ ನೋಡಲಿಲ್ಲ. ಆಸ್ಪತ್ರೆಯಲ್ಲಿ, ವಿಮಾನದಲ್ಲಿ, ಹುಬ್ಬಳ್ಳಿಯಿಂದ ಗದುಗಿಗೆ ಕಾರಿನಲ್ಲಿ, ಎಲ್ಲಿಯೂ ನೋಡಲಿಲ್ಲ.

ಮಣಿಕಟ್ಟನ್ನು ಕೂಡಿಸುವುದು ತಡವಾಗಿತ್ತು. ಪಟ್ಟಿ ಬಿಚ್ಚಿದಾಗ ಕೈ ಸೊಟ್ಟವಾಗಿಯೇ ಉಳಿಯಿತು ಎಂದು ಮಾಸ್ತರರು ಫೋನಿನಲ್ಲಿ ತಿಳಿಸಿದರು. ಮಗ್ಗಕ್ಕೆ ಎರಡೂ ಕೈ ಬೇಕು. ಬಲಗೈ ಲಾಳಿಯ ಹಗ್ಗ ಎಳೆಯುತ್ತದೆ, ಎಡಗೈ ಹಲಗೆಯನ್ನು ಬಡಿದು ನೂಲು ಬಿಗಿ ಮಾಡುತ್ತದೆ. ಆ ಬಡಿತಕ್ಕೆ ಆ ಕೈ ಇನ್ನು ಬಾರದು.

ಬೇಸಿಗೆ ಬಲಿತ ಮೇಲೆ ಬೆಟಗೇರಿಗೆ ಹೋದೆ. ಅಣ್ಣ ಬಾಗಿಲು ತೆರೆದು, "ಬರ್ರಿ, ಕುಂಡ್ರಿ," ಎಂದು ಒಳಗೆ ಹೋದರು. ಟೀಚರ ಚಪ್ಪಲಿ ಹೊರಗಿತ್ತು. ಅವರು ಹೊರಗೆ ಬರಲಿಲ್ಲ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಒಂದೇ ಕೈಯಿಂದ ನೂಲಿನ ಗಂಟು ಬಿಡಿಸುತ್ತಿದ್ದರು.

ಆರೋಗ್ಯ, ಬಿಸಿಲು ಎಂದೆಲ್ಲ ಮಾತಾಡಿ ಮುಗಿದ ಮೇಲೆ ಅವರೇ ಹೇಳಿದರು.

"ನಿಮ್ಮ ಸೀಟಿ ನನಗ ಕೇಳಸ್ತಿತ್ತು, ತಂಗಿ."

ನಾನು ಅವರ ಕಡೆ ತಿರುಗಿ ಕುಳಿತೆ.

"ಮೊದಲಿಂದ ಕೇಳಸ್ತಿತ್ತು. ಒದರಿ ಒದರಿ ನನ್ನ ಗಂಟಲ ಹೋತು. ಖರೆ ಅಂದ್ರ ಅದು ಎಲ್ಲಿಂದ ಬರ್ತೈತಿ ಅಂತ ತಿಳೀಲಿಲ್ಲ. ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ. ಆಮ್ಯಾಲೆ ಕೆಳಗಿಂದ ಬರಾಕ ಹತ್ತೇತಿ ಅನ್ನಿಸ್ತು. ಅದರ ಬೆನ್ನ ಹತ್ತಿ ಇಳದೆ. ಇಳಿವಾಗನ ಬಿದ್ದೆ, ಕೈ ಮುರೀತು. ಮುರದ ಮ್ಯಾಲೂ ಇಳದೆ. ಸೀಟಿ ಐತಿ ಅಂದಮ್ಯಾಲ ಹೋಗಬೇಕಲ್ಲ. ಒಂದ ಕಡೆ ಕಾಲಿಟ್ಟಲ್ಲಿ ನೆಲಾನ ಇರಲಿಲ್ಲ. ಬೇರ ಹಿಡಕೊಂಡೆ. ಕೆಳಗ ಎಲ್ಲೋ ನೀರು ಹರಿಯೂ ಸಪ್ಪಳ."

ಆ ಜಾಗದ ಫೋಟೋವನ್ನು ಗೈಡ್ ಆಮೇಲೆ ನನಗೆ ತೋರಿಸಿದ್ದ. ಪೊಟರೆಯಿಂದ ಕೆಲವೇ ಹೆಜ್ಜೆ ಆಚೆ ಗುಡ್ಡ ಕಡಿದುಹೋಗಿತ್ತು. ಅಂಚಿನವರೆಗೂ ಪಾಚಿ ಬೆಳೆದು, ನೆಲ ಮುಂದುವರಿದಿದೆ ಎಂಬಂತೆ ಗಾಳಿಯ ಮೇಲೆ ಚಾಚಿತ್ತು.

"ಅಷ್ಟೊತ್ತಿಗೆ ಸೀಟಿ ನಿಂತಿತು," ಎಂದರು ಅಕ್ಕ. "ಕಾದೆ. ಮತ್ತ ಬರಲಿಲ್ಲ. ಹೋದರು ಅಂತ ತಿಳೀತು. ಇನ್ನ ಯಾರ ಕಡೆ ಹೋಗೂದು? ಅಲ್ಲೇ ಗಿಡದ ಬುಡಕ ಕುಂತೆ."

ಆ ಗುಡಿಸಲಿನ ದಿನದಿಂದ ನನ್ನೊಳಗೆ, ಇನ್ನಷ್ಟು ಹೊತ್ತು ಹುಡುಕಿದ್ದರೆ ಅಕ್ಕ ಅಂದೇ ಸಿಗುತ್ತಿದ್ದರೋ ಎಂಬ ಲೆಕ್ಕ ಬಿಡದೆ ಸುತ್ತುತ್ತಿತ್ತು. ಈಗ ಅದು ತಾನಾಗಿ ಬೇರೆ ಕಡೆಗೆ ತಿರುಗಿತು. ನಾವು ಇನ್ನೂ ಸ್ವಲ್ಪ ಹೊತ್ತು ಊದಿದ್ದರೆ ಅಕ್ಕ ಇನ್ನೂ ನಾಲ್ಕು ಹೆಜ್ಜೆ ಇಳಿಯುತ್ತಿದ್ದರು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದು ನಿಲ್ಲಿಸಿದ್ದಲ್ಲ. ಹುಡುಕಿದ್ದೂ ಕುರುಡು, ನಿಲ್ಲಿಸಿದ್ದೂ ಕುರುಡು.

"ಅಂದ್ರ, ಅಕ್ಕಾರ..." ಎಂದು ಶುರುಮಾಡಿದೆ.

ಅಕ್ಕ ನೂಲನ್ನು ಕೆಳಗಿಟ್ಟರು. "ನೀ ಏನ್ ಕೇಳಾಕ ಬಂದಿ ನನಗ ಗೊತ್ತೈತಿ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ನಿನ್ನ ಜಾಗಾದಾಗ ನಾ ಇದ್ರೂ ಅದನ್ನ ಮಾಡ್ತಿದ್ದೆ. ಒಳಗ ಕುಂತಾಳಲ್ಲ, ಅಕಿಗೂ ಹಂಗ ಹೇಳೇನಿ. ಆದ್ರ ನೀವು ಹೋದದ್ದು ಛಲೋ ಆತು ಅಂತ ನನ್ನ ಬಾಯಿಲೆ ಅನ್ನಿಸಬ್ಯಾಡ. ಅದೊಂದು ನನ್ನ ಕೈಲೆ ಆಗೂದಿಲ್ಲ."

"ಇಲ್ಲ ರಿ," ಎಂದೆ.

ಅಣ್ಣ ಚಹಾ ತಂದಿಟ್ಟು ಹೋದರು. ಅಕ್ಕ ಬಲಗೈಯಿಂದ ಬಟ್ಟಲನ್ನು ನನ್ನ ಕಡೆ ಸರಿಸಿದರು.

"ಚಾ ಆರತೈತಿ. ಕುಡಿ."

ಕುಡಿದೆ. ಅವರು ಮತ್ತೆ ನೂಲು ಎತ್ತಿಕೊಂಡರು. ಗಂಟು ಗಟ್ಟಿಯಾಗಿತ್ತು. ಹಿಡಿದುಕೊಳ್ಳಲೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, ನನ್ನ ಮುಖ ನೋಡದೆ, ಒಂದು ಎಳೆಯ ತುದಿಯನ್ನು ನನ್ನ ಕೈಗೆ ಕೊಟ್ಟರು.